ಕಾದಂಬರಿಯೊಳಗಿನ ಅಳತೆ ಚೀಟಿ

ಹೊಲಿಗೆ ಅಂಗಡಿಯಿಂದ
ಮಂಗಳವಾರ, ಮಧ್ಯಾಹ್ನ

ನನ್ನ ಮಗಳಿಗೆ, ಸಿಟ್ಟು ಇನ್ನೂ ಇಳಿಯದ ಅಮ್ಮನ ಆಶೀರ್ವಾದಗಳು.

ನೀನು ಬಂದು ಎರಡು ದಿನ ಇದ್ದು ಹೋದೆ, ಸಂತೋಷ. ಹೋಗುವಾಗ ನನ್ನ ಮಿಷನ್ನಿನ ಮೇಲಿದ್ದ ಕಾದಂಬರಿಯನ್ನು ಲೈಬ್ರರಿಗೆ ವಾಪಸ್ಸು ಕೊಟ್ಟೆಯಲ್ಲ, ಅದಕ್ಕೇನು ಹೇಳಲಿ? ಇನ್ನು ಹದಿನೇಳು ಪುಟ ಉಳಿದಿತ್ತು. ಆ ಬೇಕರಿ ಹುಡುಗಿ ಊರು ಬಿಟ್ಟಳೋ ಉಳಿದಳೋ ತಿಳಿಯದೆ ಮೂರು ದಿನದಿಂದ ನನಗೆ ಕೆಲಸದ ಮೇಲೆ ಗಮನವಿಲ್ಲ. ಇನ್ನು ತೋಳನ್ನು ಕುತ್ತಿಗೆಗೆ ಹೊಲಿಯುವುದೊಂದೇ ಬಾಕಿ. ಅಮ್ಮನಿಗೆ ಇನ್ನು ಮೇಲೆ ಮಂಡಿನೋವಿನ ಪುಸ್ತಕ ಕೊಡಿ ಅಂದೆಯಂತೆ. ಅದನ್ನು ನನಗೆ ಹೇಳಿ ಲೈಬ್ರರಿಯಾಕೆ ಮುಖ ತಿರುಗಿಸಿಕೊಂಡು ನಕ್ಕಳು.

ಸಣ್ಣ ಊರಿನ ಪ್ರೇಮಕಥೆಗಳೆಲ್ಲ ಸುಳ್ಳು ಅನ್ನುತ್ತೀಯ. ನನಗೆ ಗೊತ್ತಿಲ್ಲವೇ? ಆ ಊರುಗಳಲ್ಲಿ ಪಟ್ಟಣದವಳ ಕಾರು ಸರಿಯಾಗಿ ಚೆಲುವ ಮೆಕ್ಯಾನಿಕ್ಕನ ಬಾಗಿಲಲ್ಲೇ ಕೆಡುತ್ತದೆ. ನಮ್ಮಲ್ಲಿ ಕೆಟ್ಟರೆ ಎಂಟು ಜನ ಸುತ್ತ ನಿಂತು ಬುದ್ಧಿ ಹೇಳುತ್ತಾರೆ, ತಳ್ಳುವವರು ಒಬ್ಬರೂ ಇಲ್ಲ. ಮೂವತ್ತು ವರ್ಷ ಬೇರೆಯವರ ಹೊಲಿಗೆ ಬಿಚ್ಚಿದವಳಿಗೆ ಕಚ್ಚಾ ಹೊಲಿಗೆ ಕಾಣದೇ? ಕಂಡೂ ಓದುತ್ತೇನೆ. ಅಳತೆಗೆ ಕತ್ತರಿಸಿದ ಹಳೇ ಪೇಪರಿನ ತುಂಡುಗಳಲ್ಲಿ ಅಕ್ಷರ ಕೂಡಿಸಿ ಕಲಿತವಳು ನಾನು. ಅರ್ಧರ್ಧ ಸುದ್ದಿಯನ್ನೇ ಓದಿದವಳು. ಕೊನೆ ಇರುವ ಕಥೆ ನನಗೆ ಬೇಕು.

ಅದು ಸಾಲದೆಂದು, ಪುಟದ ಗುರುತಿಗೆ ಇಟ್ಟಿದ್ದ ಅಳತೆ ಚೀಟಿ ಎತ್ತಿಕೊಂಡು ಹೋಗಿ ನಿನ್ನ ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿದೆಯಂತೆ. “ಗಾಜಿನಂಗಡಿಯವರು. ಎದೆ ನಲವತ್ತು. ತೋಳು ಇಪ್ಪತ್ತನಾಲ್ಕು. ಎಡ ಹೆಗಲು ಇಳಿದಿದೆ, ನಗುವಾಗ ಏಳುತ್ತದೆ.” ಇದು ಪ್ರೇಮಪತ್ರವೇ? ಅವಳು ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ, “ಅಕ್ಕಾ, ಐವತ್ತೆಂಟಕ್ಕೆ ಇದೇನೇ ನಿನ್ನ ಅವತಾರ?” ಅಂದಳು. ಲೇ ಹುಡುಗಿ, ಇಂಥ ಚೀಟಿಗಳು ನನ್ನ ಡಬ್ಬಿ ತುಂಬ ಇವೆ. “ಬ್ಯಾಂಕಿನವರು. ಹೊಟ್ಟೆ ಮುಂದೆ, ಅಳೆಯುವಾಗ ಉಸಿರು ಹಿಡಿಯುತ್ತಾರೆ.” ಅವರ ಮೇಲೂ ನನಗೆ ಮನಸ್ಸಾಗಿದೆಯೇ? ಹೆಗಲು ಏಳುವವರಿಗೆ ಒಂದು ನೂಲು ಸಡಿಲ ಬಿಡದಿದ್ದರೆ ಅಂಗಿ ಕಂಕುಳಲ್ಲಿ ಹಿಡಿಯುತ್ತದೆ. ಇದು ಕಸುಬು.

ನಿನ್ನಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಸಂಜೆ ಹೊತ್ತು ಯಾರ ಜೊತೆ ಮಾತಾಡುತ್ತೀಯಮ್ಮ ಎಂದು ನೀನು ಒಂದು ದಿನವೂ ಕೇಳಿದ್ದಿಲ್ಲ. ಈಗ ಯಾರ ಜೊತೆ ಆಡಬಾರದೆಂದು ಹೇಳಲು ಬರುತ್ತೀಯ. ನಾನು ಯಾವ ಪುಸ್ತಕ ಓದಬೇಕು, ಯಾರ ಹೆಗಲು ನೋಡಬೇಕು, ಎರಡಕ್ಕೂ ನಿನ್ನ ಅಪ್ಪಣೆ ಬೇಕಿಲ್ಲ. ಪುಸ್ತಕವನ್ನು ಇವತ್ತು ನಾನೇ ಹೋಗಿ ಮತ್ತೆ ತಂದಿದ್ದೇನೆ. ಚೀಟಿಯನ್ನು ಅಂಚೆಯಲ್ಲಿ ಹಾಕು.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಸೊಂಟ ಒಂದಿಂಚು ಇಳಿದಿದೆ, ಟೇಪು ಹಿಡಿಯದೆಯೇ ಕಂಡಿತು.

ಇತಿ,
ಬೈಯುತ್ತಲೇ ನಿನ್ನನ್ನು ನೆನೆಯುವ
ಅಮ್ಮ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಗಾಜಿನಂಗಡಿಯವರೇ ಬಂದರು. ನಿನಗೊಂದು ಮಾತು ಹೇಳಿರಲಿಲ್ಲ. ಅವರು ಅಂಗಿ ಹೊಲಿಯಲು ಹೇಳಿಯೇ ಇರಲಿಲ್ಲ. ಅಂಗಡಿಗೆ ಕನ್ನಡಿ ಕೂರಿಸಲು ಬಂದಾಗ ನಾನೇ ಬಲವಂತದಿಂದ ನಿಲ್ಲಿಸಿ ಅಳೆದೆ, ಬಟ್ಟೆಯನ್ನೂ ನಾನೇ ಕೊಂಡೆ. ಚೀಟಿ ಮಗಳ ಕೈ ಸೇರಿದೆ ಎಂದೆ. “ಹೋಗ್ಲಿ ಬಿಡಿ, ನಮ್ಮ ಕಸುಬಲ್ಲೂ ಎರಡು ಸಲ ಅಳೀದೆ ಕತ್ತರಿಸೋದಿಲ್ಲ. ಇನ್ನೊಂದ್ಸಲ ಅಳೀರಿ” ಎಂದರು. ಅಳೆದೆ. ಚೀಟಿ ಕಳಿಸಬೇಡ, ನೀನೇ ಇಟ್ಟುಕೋ.