ಬಲತೋಳಿನ ಗುಲಾಬಿ

ಕೊಡ್ಲಿಪೇಟೆ,
೫ ಮೇ ೨೦೨೫

ಅಕ್ಕಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಅವತ್ತು ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನೀನು ನಡೆದ ರಭಸ ನೋಡಿದರೆ ಪೂರ್ತಿ ವಾಸಿಯಾಗಿರಬೇಕು. ಭಾವ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ? ಪಾಪ, ಅವರ ಮೇಲೆ ನನಗೆ ಕೋಪವಿಲ್ಲ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯಲ್ಲ, ಅದಕ್ಕೇ ಈ ಕಾಗದವನ್ನು ಮಡಿಕೇರಿಗೆ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಲಗ್ನಪತ್ರಿಕೆಯಲ್ಲಿ ಭಾವನ ಹೆಸರು ನಮ್ಮ ನಾದಿನಿಯ ಗಂಡ ಶಾಂತಪ್ಪನವರ ಹೆಸರಿನ ಕೆಳಗೆ ಬಂದದ್ದು ಪ್ರೆಸ್ಸಿನವನ ಎಡವಟ್ಟು ಎಂದು ಎಷ್ಟು ಸಲ ಹೇಳಿದೆ! ಅಷ್ಟಕ್ಕೇ ನನ್ನ ಮಗಳ ಮದುವೆ ರವಿಕೆಯನ್ನು ಅರ್ಧಕ್ಕೆ ಬಿಟ್ಟು ಹೋಗುವುದೇ? ಎಡತೋಳಿಗೆ ಕಸೂತಿಯ ಹನ್ನೊಂದು ಗುಲಾಬಿ, ಬಲತೋಳು ಬೋಳು, ಮದುವೆಗೆ ಉಳಿದದ್ದು ಹದಿನೈದು ದಿನ. ನಾನು ಮಾನ ಬಿಟ್ಟು ನಿನ್ನ ಹಿಂದೆ ಓಡಿಬಂದು, ಆ ಹೂವು ಹಾಕುವುದು ಹೇಗೆಂದಾದರೂ ಹೇಳು ಎಂದು ಬೇಡಿಕೊಂಡೆ. “ಆರು ಕಾಲು ಎಳ್ಕೊ, ಒಂದರ ಮೇಲೆ ಒಂದರ ಕೆಳಗೆ ದಾರ ಸುತ್ತು. ಆದ್ರೂ ನಿನ್ನ ಕೈಗೆ ಸೂಜಿ ಒಗ್ಗಲ್ಲ ಕಣೆ, ಸೌಟೇ ಸರಿ” ಎಂದು ಎಲ್ಲರೆದುರು ಹೇಳಿ ನೀನು ಬಸ್ ಹತ್ತಿದೆ.

ಹಳೇ ದಿಂಬಿನ ಕವರಿನ ಮೇಲೆ ಗಾಲಿಯ ಕಡ್ಡಿಗಳ ಹಾಗೆ ಆರು ಕಾಲು ಎಳೆದೆ. ಸುತ್ತಿದೆ, ಸುತ್ತಿದೆ. ಪ್ರತಿ ಸುತ್ತಿಗೂ ಅದೇ ಮೂರು ಕಾಲು ಮೇಲೆ, ಅದೇ ಮೂರು ಕೆಳಗೆ. ಗುಲಾಬಿಯೂ ಅಲ್ಲ, ಗುಂಡಿಯೂ ಅಲ್ಲ, ಎಂಥದೋ ಒಂದು! ನಾಲ್ಕು ದಿನ ಹೀಗೇ ಹೋಯಿತು. ಬೆರಳಿಗೆಲ್ಲ ಸೂಜಿ ಚುಚ್ಚಿ, ಅನ್ನಕ್ಕೆ ಸಾರು ಕಲಸಿದರೆ ಉರಿ. ವಿನುತಾ ಫೋನಿನಲ್ಲಿ ವೀಡಿಯೋ ತೋರಿಸಿದಳು. ಅದರಲ್ಲಿದ್ದ ಹುಡುಗಿ ಎಳೆದದ್ದು ಐದೇ ಕಾಲು. “ನಿಮ್ ದೊಡ್ಡಮ್ಮ ಆರು ಅಂದಿದಾಳೆ, ಇವಳಿಗೇನೇ ಗೊತ್ತು, ಆಫ್ ಮಾಡು” ಎಂದು ಮಗಳನ್ನೇ ಬೈದೆ. ನಿನ್ನ ಮೇಲೆ ಅಷ್ಟು ನಂಬಿಕೆ ನನಗೆ, ದಡ್ಡಿ! ಐದನೆಯ ದಿನ ತಾಳಲಾರದೆ ನೀನು ಹಾಕಿದ ಎಡತೋಳನ್ನು ತಿರುವಿ ಒಳಮಗ್ಗುಲಲ್ಲಿ ಎಣಿಸಿದೆ. ಹನ್ನೊಂದು ಹೂವಿಗೂ ಐದೈದೇ ಕಾಲು.

ಬಾಯಿತಪ್ಪಿ ಹೇಳಿದೆ ಎನ್ನಬೇಡ. ಇಪ್ಪತ್ತು ವರ್ಷದಿಂದ ಊರಿನ ಮದುಮಕ್ಕಳಿಗೆಲ್ಲ ಹಾಕಿಕೊಟ್ಟವಳು ನೀನು, ನಿದ್ದೆಗಣ್ಣಿನಲ್ಲಿ ಕೇಳಿದರೂ ಐದೇ ಎನ್ನುತ್ತೀಯ. ನನ್ನ ಮೇಲೆ ಸಿಟ್ಟಿದ್ದರೆ ನನಗೆ ಬಾರಿಸಬೇಕಿತ್ತು. ನೀನೇ ಎಣ್ಣೆ ನೀರು ಹಾಕಿ ಬೆಳೆಸಿದ ಹುಡುಗಿ ಮಂಟಪದಲ್ಲಿ ಒಂದು ತೋಳು ಬೋಳಾಗಿ ಕೂರಲಿ ಎಂದು ಹೇಗೆ ಅನ್ನಿಸಿತೇ ನಿನಗೆ? ಹೊಟ್ಟೆ ಉರಿಯುತ್ತಿದೆ ಅಕ್ಕಾ, ಸುಳ್ಳು ಹೇಳುವುದಿಲ್ಲ.

ಐದು ಕಾಲು ಎಳೆದ ದಿನವೇ ಹೂವು ಬಂತು. ಬಟ್ಟೆಗೆ ಚುಚ್ಚದ ಹಾಗೆ ಸೂಜಿಯನ್ನು ಅದರ ಕಣ್ಣಿನ ಕಡೆಯಿಂದ ತೂರಿಸಬೇಕು, ನಡುವೆ ಬಿಗಿ, ಅಂಚಿಗೆ ಬರುತ್ತಾ ಸಡಿಲ. ಇದನ್ನೂ ನೀನು ಹೇಳಿರಲಿಲ್ಲ, ಕೆಡಿಸಿ ಕೆಡಿಸಿ ನಾನೇ ಕಲಿತೆ. ಶನಿವಾರದ ಹೊತ್ತಿಗೆ ಬಲತೋಳಿನ ಹನ್ನೊಂದೂ ಮುಗಿದವು.

ಬರುವ ಭಾನುವಾರ ಮುಹೂರ್ತ. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಊಟ ಬಡಿಸುತ್ತೇನೆ, ಮಾತಾಡಿಸುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಬೇಡವೆಂದರೂ ನಿನ್ನ ತಂಗಿಯೇ ಆದ,
ಯಮುನ

ಮರೆತಿದ್ದೆ: ಲಕೋಟೆಯಲ್ಲಿರುವ ಕೆಂಪು ದಾರದ ಚೂರುಗಳನ್ನು ಕಸವೆಂದು ಎಸೆಯಬೇಡ, ಅವು ನಿನ್ನ ಗುಲಾಬಿಗಳು. ವಿನುತಾ ಎರಡೂ ತೋಳು ಪಕ್ಕಪಕ್ಕ ಹಿಡಿದು, “ದೊಡ್ಡಮ್ಮಂದೇ ಚೆಂದ ಕಣಮ್ಮ” ಅಂದಳು. ಅವಳು ಸ್ನಾನಕ್ಕೆ ಹೋದಾಗ ಬ್ಲೇಡ್ ಹಿಡಿದು ಕೂತು ನಿನ್ನವನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಯದಕ್ಕೆ ಬರುವಾಗ ಅಳು ಬಂತು, ಆದರೂ ಬಿಚ್ಚಿದೆ. ಅದೇ ಜಾಗದಲ್ಲಿ ನನ್ನವನ್ನು ಹಾಕಿದ್ದೇನೆ. ನಿನ್ನವಷ್ಟು ಚೆಂದ ಬಂದಿಲ್ಲ.