ಮಂಗಳವಾರದ ಗೋಧಿ

ಕಾರವಾರ, ಜುಲೈ ೨೦೦೭

ಆಯಿ,

ನೀನು ಹೋಗಿ ಮೂರು ವರ್ಷವಾಯಿತು. ನೀನಿರುವಲ್ಲಿಗೆ ಅಂಚೆಯವನು ಹೋಗುವುದಿಲ್ಲ; ಹೋಗುವಂತಿದ್ದರೂ ಈ ಸುದ್ದಿಯನ್ನು ಅವನ ಕೈಗೆ ಕೊಡುತ್ತಿರಲಿಲ್ಲ.

ನನ್ನ ಹದಿನೆಂಟು ವರ್ಷದ ತುರಿಕೆಗೆ ಡಾಕ್ಟರು ಇಂದು ನಾಮಕರಣ ಮಾಡಿದರು. ಸೀಲಿಯಾಕ್ ಅಂತೆ. ಕರುಳಿಗೆ ಗೋಧಿ ಆಗುವುದಿಲ್ಲ. ಅದರ ಸಿಟ್ಟು ಮೊಣಕೈ, ಮೊಣಕಾಲಿನ ಮೇಲೆ ಗುಳ್ಳೆಯಾಗಿ ಏಳುತ್ತದೆ. ಕುಚಲಕ್ಕಿ ಗಂಜಿ ಉಂಡು ಬೆಳೆದ ಬೆಳಂಬಾರದವನಿಗೆ ಗೋಧಿಯ ಕಾಯಿಲೆ! ನಗು ಬಂತು. ಆಮೇಲೆ ನಿನ್ನ ಹರಕೆ ನೆನಪಾಯಿತು.

ನಾಗದೋಷವೆಂದು ನಂಬಿ ನೀನು ನನ್ನಿಂದ ಮಂಗಳವಾರ ಒಪ್ಪತ್ತು ಮಾಡಿಸುತ್ತಿದ್ದೆ. ಅಂದು ಅನ್ನ ಮುಟ್ಟುವಂತಿಲ್ಲ. ಚಪಾತಿ, ಇಲ್ಲವೇ ಗೋಧಿರವೆಯ ಸಜ್ಜಿಗೆ. ಗುಳ್ಳೆ ಹೆಚ್ಚಾದಾಗ ಶನಿವಾರವನ್ನೂ ಸೇರಿಸಿದೆ.

"ನೀ ಒಬ್ನೇ ಯಾಕೆ ಮಾಡೂದು ಮಗಾ, ನಾನೂ ಮಾಡ್ತೆ" ಅಂದೆ.

ನೀನು ಕಾಯಿ ತುರಿಯುತ್ತ, ನಾನು ಮೈ ತುರಿಸುತ್ತ ಅಡುಗೆಮನೆಯಲ್ಲಿ ಕೂತಿರುತ್ತಿದ್ದೆವು. ಕ್ರಮೇಣ ನಿನ್ನ ಮೊಣಕೈಯಲ್ಲೂ ಗುಳ್ಳೆ ಎದ್ದವು. "ಹರಕೆ ಒಂದೇ, ಪ್ರಸಾದ ಮಾತ್ರ ಇಬ್ಬರಿಗೂ ಬಂತಲ್ಲೇ ಆಯಿ" ಎಂದು ಛೇಡಿಸಿದ್ದೆ. ನೀನು ನಕ್ಕು ಸೆರಗು ಹೊದ್ದುಕೊಂಡೆ. ವರ್ಷದಿಂದ ವರ್ಷಕ್ಕೆ ಬಡಕಲಾದೆ. ವಯಸ್ಸಾಯಿತು ಎಂದುಕೊಂಡೆವು.

ಡಾಕ್ಟರು ಕೊನೆಗೆ ಕೇಳಿದರು, "ಇದು ರಕ್ತಸಂಬಂಧದಲ್ಲಿ ಬರೂದು. ನಿಮ್ಮ ಮನೇಲಿ ಮತ್ಯಾರಿಗಾದ್ರೂ ಇತ್ತಾ?"

"ಇಲ್ಲ" ಅಂದೆ.

ಅವರು ಹಾಗೆಂದೇ ಬರೆದುಕೊಂಡರು.