ಪೆನ್ನಿನ ಸ್ಪ್ರಿಂಗು

ಅಣ್ಣಿಗೇರಿ, ಮಾರ್ಚ್ 1988

ಹಜರತಅಲಿ,

ನಿನಗೆ ಮಣ್ಣು ಕೊಟ್ಟು ಆರು ತಿಂಗಳಾಯಿತು. ನಾನು ಬಂದಿರಲಿಲ್ಲ.

ಇವತ್ತು ನಮ್ಮ ಹಳೆಯ ಅಂಬಾಸಿಡರ್ ನವಲಗುಂದ ರಸ್ತೆಯಲ್ಲಿ ನಿಂತುಬಿಟ್ಟಿತು. ಗ್ಯಾರೇಜಿನ ಮೇಸ್ತ್ರಿ ಹೊಳೆಪ್ಪ ಬಂದು, ನೂಕಿಸಿ ಚಾಲೂ ಮಾಡಿ, ಲೈಟು ಹಾಕಿ ಆಕ್ಸಿಲರೇಟರ್ ಒತ್ತಿದ. ಬೆಳಕು ಏರಲಿಲ್ಲ. "ಬ್ಯಾಟರಿ ಛಲೋ ಐತ್ರಿ. ಆಲ್ಟರ್ನೇಟರ್ ಅದಕ್ಕ ಕರೆಂಟ್ ಕೊಡವಲ್ದು," ಎಂದ.

ಎರಡು ವರ್ಷದ ಹಿಂದೆ, ನಮ್ಮ ಕಾರು ಓಡಿಸುತ್ತಿದ್ದಾಗ, ನೀನೂ ಇದನ್ನೇ ಹೇಳಿದ್ದೆ. "ನನ್ನ ಛಲೋ ಬ್ಯಾಟರಿ ಮಾರ್ಕೊಂಡು, ಹಳೇದು ಇಟ್ಟು ಕಥಿ ಹೇಳ್ತಿ ಏನಲೇ?" ಎಂದು ಸಂತೆಗೆ ಬಂದವರೆದುರು ನಾನು ಕೂಗಿದೆ. ನೀನು ಕಾರಿನ ಕೀಲಿ, ಬೆಳಿಗ್ಗೆ ಕೇಳಿ ಪಡೆದಿದ್ದ ನನ್ನ ಪೆನ್ನು ಎರಡನ್ನೂ ನನ್ನ ಕೈಗಿಟ್ಟು ಹೊರಟುಹೋದೆ. ನಾನು ಹೊಸ ಬ್ಯಾಟರಿ ಹಾಕಿಸಿದೆ, ಕಾರು ಓಡಿತು, ನಾನೇ ಸರಿ ಎಂದುಕೊಂಡೆ. ಪೆನ್ನಿನೊಳಗೆ ಸ್ಪ್ರಿಂಗ್ ಇರಲಿಲ್ಲವೆಂದು ಅದಕ್ಕೂ ನಿನ್ನನ್ನು ಬೈದೆ.

ಹೊಳೆಪ್ಪ ಆಲ್ಟರ್ನೇಟರ್ ಬಿಚ್ಚಿ ನಕ್ಕ. "ಕರೆಂಟ್ ದಾಟಿಸೋ ಕಾರ್ಬನ್ ಸವದೈತ್ರಿ, ಅದರ ಹಿಂದ ಒತ್ತಿ ಹಿಡಿಯಾಕ ಯಾರೋ ಪೆನ್ನಿನ ಸ್ಪ್ರಿಂಗ್ ಕುಂಡ್ರಿಸ್ಯಾರ್ರಿ. ಇಷ್ಟು ದಿನಾ ಅದರ ಮ್ಯಾಲೇ ಓಡೇತಿ. ಯಾರ ಕೈಗೆಲಸರೀ ಇದು?"

ನಿನ್ನ ಹೆಸರು ಹೇಳಿದೆ. ಕೇಳಲು ಹೊಳೆಪ್ಪ ಒಬ್ಬನೇ ಇದ್ದ.

ಹೊಸ ಆಲ್ಟರ್ನೇಟರ್ ಹಾಕಿಸಿದ್ದಾಯಿತು. ಸ್ಪ್ರಿಂಗನ್ನು ಒರೆಸಿ, ಮನೆಗೆ ತಂದು, ಆ ಪೆನ್ನಿಗೆ ಹಾಕಿದೆ. ಅದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಶಂಭುಲಿಂಗಪ್ಪ